ಪಿಲಾ ಬೆಟ್ಟದಲ್ಲಿ ಸೈಕಲ್ಲಿನ ಒಂದು ದಿನ

ಫ್ರಾನ್ಸ್ ಮತ್ತು ಸೈಕಲ್ ಎಂದೊಡನೆ ನಮಗೆ ನೆನಪಾಗುವುದು ಟೂರ್ ದ ಫ್ರಾನ್ಸ್. ಜುಲೈ ತಿಂಗಳ ಮೂರು ವಾರ, ಹಳದಿ ಜೆರ್ಸಿ, ರಸ್ತೆಯ ಎರಡೂ ಬದಿಗೆ ಜನ. ಅದೇ ದೇಶದಲ್ಲಿ ಅಷ್ಟೇ ಹಳೆಯ ಇನ್ನೊಂದು ಪರಂಪರೆಯೂ ಇದೆ. ಅದರಲ್ಲಿ ಗೆಲ್ಲುವವರಿಲ್ಲ, ಸೋಲುವವರೂ ಇಲ್ಲ. ಬೆಳಿಗ್ಗೆ ಮನೆ ಬಿಟ್ಟು, ಒಂದೆರಡು ಘಾಟಿ ಹತ್ತಿ ಇಳಿದು, ದಾರಿಯಲ್ಲಿ ಸಿಕ್ಕಿದ್ದನ್ನು ನೋಡಿ, ಹಸಿವಾಗುವ ಮುಂಚೆ ತಿಂದು, ಕತ್ತಲಾಗುವಷ್ಟರಲ್ಲಿ ಮರಳುವುದು. ಫ್ರೆಂಚರು ಇದನ್ನು ಸಿಕ್ಲೋತುರಿಸ್ಮ್ ಎನ್ನುತ್ತಾರೆ. ಈ ಪರಂಪರೆಯ ತವರು ಆಲ್ಪ್ಸ್ ಅಲ್ಲ, ಪಿರೆನೀಸ್ ಕೂಡ ಅಲ್ಲ. ದೇಶದ ನಡುಭಾಗದ ಮಾಸಿಫ್ ಸಾಂತ್ರಾಲ್ ಎಂಬ ಹಳೆಯ ಬೆಟ್ಟಸೀಮೆಯ ಪೂರ್ವದ ಅಂಚಿನಲ್ಲಿ, ಸೇಂತ್ ಎತಿಯೆನ್ ನಗರದ ಬೆನ್ನಿಗೆ ನಿಂತಿರುವ ಪಿಲಾ ಎಂಬ ಬೆಟ್ಟಸಾಲು ಅದು. ಅಲ್ಲಿ ಒಂದು ದಿನದಲ್ಲಿ ಸುತ್ತಿ ಬರಬಹುದಾದ ದಾರಿಯನ್ನೂ, ಆ ದಾರಿ ಸೈಕಲ್ಲಿಗೆ ಕೊಟ್ಟ ಬಳುವಳಿಯನ್ನೂ ಈ ಲೇಖನ ಪರಿಚಯಿಸುತ್ತದೆ.

ಬೆಟ್ಟ ಮತ್ತು ನಗರ

ಪಿಲಾದ ಅತ್ಯುನ್ನತ ಶಿಖರ ಕ್ರೆ ದ ಲಾ ಪೆರ್ದ್ರಿ. ಎತ್ತರ 1432 ಮೀಟರ್. ನಮ್ಮ ನಂದಿಬೆಟ್ಟ 1478 ಮೀಟರ್ ಇರುವುದರಿಂದ ಅಂಕಿಯಲ್ಲಿ ಇದು ದೊಡ್ಡದೆನಿಸದು. ಆದರೆ ಪೂರ್ವಕ್ಕೆ ರೋನ್ ನದಿಯ ಕಣಿವೆ ತೀರಾ ಕೆಳಗಿರುವುದರಿಂದ, ಸೈಕಲ್ಲಿನವರು ಹತ್ತಬೇಕಾದ ಎತ್ತರ ನಂದಿಯದ್ದಕ್ಕಿಂತ ಹೆಚ್ಚು. 1974ರಲ್ಲಿ ಇಡೀ ಪ್ರದೇಶವನ್ನು ಪ್ರಾದೇಶಿಕ ನಿಸರ್ಗ ಉದ್ಯಾನವೆಂದು ಘೋಷಿಸಲಾಯಿತು. ಅದರೊಳಗೆ ಹಳ್ಳಿ, ಹೊಲ, ತೋಟ, ಕಾಡು ಎಲ್ಲ ಸೇರಿವೆ. ಶಿಖರಗಳ ಬಳಿ ‘ಶಿರಾ’ ಎಂಬ ಕಲ್ಲುರಾಶಿಗಳು ಕಾಣುತ್ತವೆ. ಹಿಮಯುಗದ ಚಳಿಯಲ್ಲಿ ಬಂಡೆ ಬಿರಿದು ಉರುಳಿದ ತುಂಡುಗಳು ಅವು.

ಬೆಟ್ಟದ ನೆತ್ತಿಯೇ ನೀರಿನ ಗಡಿ. ವಾಯವ್ಯಕ್ಕೆ ಬಿದ್ದ ಮಳೆ ಫ್ಯುರಾನ್ ಹೊಳೆಯಾಗಿ ಲ್ವಾರ್ ನದಿ ಸೇರಿ ಅಟ್ಲಾಂಟಿಕ್ ಸಾಗರಕ್ಕೆ ಹೋಗುತ್ತದೆ. ಆಚೆ ಬದಿಗೆ ಬಿದ್ದದ್ದು ರೋನ್ ನದಿಯ ಮೂಲಕ ಮೆಡಿಟರೇನಿಯನ್ ಸಮುದ್ರಕ್ಕೆ. ಒಂದು ಬದಿಯಲ್ಲಿ ಫರ್ ಮರಗಳ ತಣ್ಣನೆಯ ಕಾಡಿದ್ದರೆ, ಇನ್ನೊಂದು ಬದಿಯಲ್ಲಿ ದ್ರಾಕ್ಷಿ, ಸೇಬು, ಬಿಸಿಲು. ಒಂದೇ ದಿನದಲ್ಲಿ ಎರಡು ಹವಾಮಾನಗಳನ್ನು ಹಾದುಹೋಗುವ ಭಾಗ್ಯ ಇಲ್ಲಿನ ಸೈಕಲ್ ಸವಾರರದು.

ಸೇಂತ್ ಎತಿಯೆನ್ ಕಲ್ಲಿದ್ದಲು, ಉಕ್ಕು, ಬಂದೂಕು ಮತ್ತು ರೇಷ್ಮೆ ರಿಬ್ಬನ್ನಿನ ಊರು. ಬಂದೂಕಿನ ನಳಿಗೆ ಕೊರೆಯಬಲ್ಲ ಕೈಗಳಿಗೆ ಸೈಕಲ್ಲಿನ ಕೊಳವೆ, ಬೇರಿಂಗು, ಚೈನು ಕಷ್ಟವಾಗಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಈ ಊರು ಫ್ರೆಂಚ್ ಸೈಕಲ್ ಉದ್ಯಮದ ರಾಜಧಾನಿಯಾಯಿತು. ‘ಇರೋಂದೆಲ್’ ಎಂಬ ಹೆಸರಾಂತ ಸೈಕಲ್ಲನ್ನು ಮಾರಿದ ಮನ್ಯುಫ್ರಾನ್ಸ್ ಕಂಪನಿ ಇಲ್ಲಿಯದೇ. ಊರ ಬಾಗಿಲಲ್ಲೇ ಬೆಟ್ಟ, ಊರೊಳಗೆ ಕಾರ್ಖಾನೆ. ಬೆಳಿಗ್ಗೆ ಮಾಡಿದ ಸೈಕಲ್ಲನ್ನು ಮಧ್ಯಾಹ್ನ ಘಾಟಿಯಲ್ಲಿ ಪರೀಕ್ಷಿಸಬಹುದಿತ್ತು. ಮುಂದಿನ ಕಥೆಗೆಲ್ಲ ಈ ಸಾಮೀಪ್ಯವೇ ಕಾರಣವೆಂದು ನನ್ನ ನಂಬಿಕೆ.

ವೆಲೊಸಿಯೊ

ಆ ಕಥೆಯ ನಾಯಕ ಪೋಲ್ ದ ವಿವಿ. 1853ರಲ್ಲಿ ಪ್ರೊವಾನ್ಸ್ ಸೀಮೆಯ ಪೆರ್ನ್ ಎಂಬ ಊರಿನಲ್ಲಿ ಹುಟ್ಟಿದವರು, ರೇಷ್ಮೆ ವ್ಯಾಪಾರಕ್ಕಾಗಿ ಸೇಂತ್ ಎತಿಯೆನ್‌ಗೆ ಬಂದವರು. ಸೈಕಲ್ಲಿನ ಹುಚ್ಚು ವ್ಯಾಪಾರವನ್ನು ನುಂಗಿತು. 1887ರಲ್ಲಿ ಸೈಕಲ್ ಅಂಗಡಿ ತೆರೆದು, ಅದೇ ವರ್ಷ ಪತ್ರಿಕೆಯೊಂದನ್ನು ಆರಂಭಿಸಿದರು. ‘ಲ ಸಿಕ್ಲಿಸ್ತ್’ ಎಂದು ಹೆಸರಾದ ಆ ಪತ್ರಿಕೆಯಲ್ಲಿ ಅವರು ಬರೆದದ್ದು ‘ವೆಲೊಸಿಯೊ’ ಎಂಬ ಕಾವ್ಯನಾಮದಲ್ಲಿ. ಸಸ್ಯಾಹಾರಿ, ಎಸ್ಪೆರಾಂಟೊ ಭಾಷೆಯ ಅಭಿಮಾನಿ, ಪ್ರಾಚೀನ ಗ್ರಂಥಗಳ ಓದುಗ. ರಾತ್ರಿಯಿಡೀ ಸೈಕಲ್ ತುಳಿದು ಬೆಳಕು ಹರಿಯುವಾಗ ಪ್ರೊವಾನ್ಸ್ ತಲುಪುವುದು ಅವರಿಗೆ ಹಬ್ಬ. ಈಸ್ಟರ್ ರಜೆಯಲ್ಲಿ ಸೈಕಲ್ ಪ್ರವಾಸಿಗಳು ಪ್ರೊವಾನ್ಸಿನಲ್ಲಿ ಕೂಡುವ ರೂಢಿ ಅವರ ಕಾಲದಿಂದ ಬಂದದ್ದು.

ಸೈಕಲ್ ಪ್ರವಾಸಿಗಳಿಗೆ ಅವರು ಕೊಟ್ಟ ಏಳು ಸೂತ್ರಗಳನ್ನು ಫ್ರಾನ್ಸಿನ ಹಳೆಯ ಸವಾರರು ಇಂದಿಗೂ ಬಾಯಿಪಾಠ ಒಪ್ಪಿಸುತ್ತಾರೆ. ಅವುಗಳ ಸಾರ ಇಷ್ಟು: ನಿಲ್ಲುವುದು ಕಡಿಮೆಯಿರಲಿ, ನಿಂತರೂ ಬೇಗ ಹೊರಡಿ. ಸ್ವಲ್ಪ ಸ್ವಲ್ಪವಾಗಿ ಆಗಾಗ ತಿನ್ನಿ, ಹಸಿವಾಗುವ ಮೊದಲೇ ತಿನ್ನಿ, ಬಾಯಾರುವ ಮೊದಲೇ ಕುಡಿಯಿರಿ. ಊಟ ರುಚಿಸದಷ್ಟು, ನಿದ್ದೆ ಬಾರದಷ್ಟು ದಣಿಯಬೇಡಿ. ಚಳಿ ಹತ್ತುವ ಮೊದಲೇ ಹೊದೆಯಿರಿ, ಸೆಕೆಯಾಗುವ ಮೊದಲೇ ಕಳಚಿ. ದಾರಿಯಲ್ಲಿರುವಷ್ಟು ಹೊತ್ತಾದರೂ ಮದ್ಯ, ಮಾಂಸ, ತಂಬಾಕು ಬೇಡ. ಮೊದಲ ಕೆಲವು ಗಂಟೆಗಳಲ್ಲಿ ಶಕ್ತಿ ಉಕ್ಕುತ್ತಿದ್ದರೂ ಹಿಡಿತ ತಪ್ಪಬೇಡಿ. ಕೊನೆಯದು, ಇನ್ನೊಬ್ಬರಿಗೆ ತೋರಿಸಿಕೊಳ್ಳಲೆಂದು ಎಂದೂ ತುಳಿಯಬೇಡಿ. ನೂರು ವರ್ಷದ ಕ್ರೀಡಾವಿಜ್ಞಾನ ಇವುಗಳ ಪೈಕಿ ಹೆಚ್ಚಿನವನ್ನು ಒಪ್ಪಿಕೊಂಡಿದೆ. ಏಳನೆಯದಕ್ಕೆ ವಿಜ್ಞಾನದ ಅಪ್ಪಣೆಯೇ ಬೇಕಿಲ್ಲ.

ವೆಲೊಸಿಯೊ 1930ರಲ್ಲಿ ಸೇಂತ್ ಎತಿಯೆನ್‌ನ ಬೀದಿಯಲ್ಲಿ ಟ್ರ್ಯಾಮ್ ಬಡಿದು ತೀರಿಕೊಂಡರು.

ಗೇರಿಗಾಗಿ ನಡೆದ ವಾದ

ಅವರ ದೊಡ್ಡ ಹೋರಾಟ ನಡೆದದ್ದು ಗೇರಿಗಾಗಿ. ಆಗಿನ ಸೈಕಲ್ಲಿಗೆ ಒಂದೇ ಗೇರು. ಸಮತಟ್ಟಿಗೆ ಹೊಂದಿದ್ದು ಏರಿಗೆ ಭಾರ, ಏರಿಗೆ ಹೊಂದಿದ್ದು ಸಮತಟ್ಟಿನಲ್ಲಿ ನಿಧಾನ. 1889ರಲ್ಲಿ ವೆಲೊಸಿಯೊ ಊರ ಬೆನ್ನಿನ ರೆಪ್ಯುಬ್ಲಿಕ್ ಘಾಟಿಯನ್ನು ಏದುಸಿರು ಬಿಡುತ್ತ ಹತ್ತುತ್ತಿದ್ದಾಗ, ಪೈಪು ಸೇದುತ್ತ ಆರಾಮವಾಗಿ ತುಳಿಯುತ್ತಿದ್ದ ಸವಾರನೊಬ್ಬ ಅವರನ್ನು ದಾಟಿ ಹೋದನೆಂದೂ, ಅಲ್ಲಿಂದ ಅವರ ಚಿಂತನೆ ಶುರುವಾಯಿತೆಂದೂ ಹೇಳುತ್ತಾರೆ. ಮುಂದಿನ ದಶಕಗಳಲ್ಲಿ ಅವರೂ ಗೆಳೆಯರೂ ಬಗೆಬಗೆಯ ಏರ್ಪಾಡುಗಳನ್ನು ಇದೇ ಘಾಟಿಯಲ್ಲಿ ಹತ್ತಿಸಿ ನೋಡಿದರು. ಒಂದರಲ್ಲಿ ಎರಡು ಚೈನು, ಇನ್ನೊಂದರಲ್ಲಿ ಕೈಯಿಂದ ಎತ್ತಿ ಬದಲಿಸುವ ಚೈನು, ಕೊನೆಗೆ ಹಲ್ಲುಚಕ್ರದಿಂದ ಹಲ್ಲುಚಕ್ರಕ್ಕೆ ಚೈನನ್ನು ತಾನೇ ದಾಟಿಸುವ ಡಿರೇಲರ್.

ರೇಸಿನ ಜಗತ್ತು ಇದನ್ನು ಒಪ್ಪಲಿಲ್ಲ. ಟೂರ್ ದ ಫ್ರಾನ್ಸ್ ಸ್ಥಾಪಿಸಿದ ಆನ್ರಿ ದೆಗ್ರಾಂಜ್ ಅವರ ದೃಷ್ಟಿಯಲ್ಲಿ ಗೇರು ನಲವತ್ತೈದು ದಾಟಿದವರಿಗೆ ಮಾತ್ರ ತಕ್ಕದ್ದು. ಗೆಲ್ಲಬೇಕಾದದ್ದು ಸ್ನಾಯು, ಯಂತ್ರವಲ್ಲ. 1902ರಲ್ಲಿ ಟೂರಿಂಗ್ ಕ್ಲಬ್ ದ ಫ್ರಾನ್ಸ್ ಪಿರೆನೀಸ್ ಬೆಟ್ಟಗಳಲ್ಲಿ ಏರ್ಪಡಿಸಿದ ಪರೀಕ್ಷೆಯಲ್ಲಿ, ಮಾರ್ತ್ ಎಸ್ ಎಂಬ ಮಹಿಳೆ ವೆಲೊಸಿಯೊ ಅವರ ‘ಗೊಲ್ವಾಜ್’ ಎಂಬ ಮೂರು ಗೇರಿನ ಸೈಕಲ್ಲಿನಲ್ಲಿ ಕಾಲು ನೆಲಕ್ಕೂರದೆ ಘಾಟಿ ಹತ್ತಿ ತೋರಿಸಿದ ಮೇಲೂ ದೆಗ್ರಾಂಜ್ ಅವರ ನಿಲುವು ಸಡಿಲಲಿಲ್ಲ. ಟೂರ್‌ನಲ್ಲಿ ಓಡುತ್ತಿದ್ದ ಬಹುಪಾಲು ಸವಾರರು ಘಾಟಿಯ ಬುಡದಲ್ಲಿ ಇಳಿದು, ಹಿಂದಿನ ಗಾಲಿ ಬಿಚ್ಚಿ, ತಿರುಗಿಸಿ ಹಾಕಿ, ಇನ್ನೊಂದು ಬದಿಯ ದೊಡ್ಡ ಹಲ್ಲುಚಕ್ರಕ್ಕೆ ಚೈನು ಏರಿಸಿಕೊಳ್ಳಬೇಕಿತ್ತು. ಡಿರೇಲರಿಗೆ ಟೂರ್‌ನಲ್ಲಿ ಅನುಮತಿ ಸಿಕ್ಕಿದ್ದು 1937ರಲ್ಲಿ. ಆ ವರ್ಷ ಗೆದ್ದ ರೋಜೆ ಲಾಪೆಬಿ ಬಳಸಿದ್ದು ಡಿರೇಲರ್ ಇದ್ದ ಸೈಕಲ್ಲನ್ನೇ. ಇಂದು ಪೇಟೆಯ ಸೈಕಲ್ ಅಂಗಡಿಯಲ್ಲಿ ಶಾಲೆಯ ಹುಡುಗಿ ಕೊಳ್ಳುವ ಗೇರ್ ಸೈಕಲ್ಲಿನ ಹಿಂದೆ ಇರುವುದು ಪ್ರವಾಸಿ ಸವಾರರ ಈ ಹಟ.

ಬೆಳಗಿನ ಏರು: ರೆಪ್ಯುಬ್ಲಿಕ್ ಘಾಟಿ

ದಾರಿ ಹೀಗೆ: ಸೇಂತ್ ಎತಿಯೆನ್‌ನಿಂದ ರೆಪ್ಯುಬ್ಲಿಕ್ ಘಾಟಿ ಹತ್ತಿ ಬೂರ್ ಅರ್ಜಾಂತಾಲ್‌ಗೆ ಇಳಿಯುವುದು, ಅಲ್ಲಿಂದ ಪೂರ್ವಕ್ಕೆ ಪೆಲುಸ್ಸಾನ್, ಮತ್ತೆ ಒಯೋನ್ ಘಾಟಿಗೆ ಏರಿ, ಬೆಟ್ಟದ ನೆತ್ತಿಯಲ್ಲೇ ಸಾಗಿ ಕ್ರ್ವಾ ದ ಶೋಬುರೆ ದಾಟಿ ಊರಿಗೆ ಮರಳುವುದು. ಒಟ್ಟು ದೂರ ನೂರು ಕಿಲೋಮೀಟರಿನ ಆಸುಪಾಸು, ಒಟ್ಟು ಏರು ಸುಮಾರು 1800 ಮೀಟರ್.

ಊರು ಸುಮಾರು 520 ಮೀಟರ್ ಎತ್ತರದಲ್ಲಿದೆ, ಘಾಟಿಯ ನೆತ್ತಿ 1161ರಲ್ಲಿ. ಹದಿಮೂರು ಕಿಲೋಮೀಟರಿನಲ್ಲಿ 640 ಮೀಟರ್ ಹತ್ತಬೇಕು, ಅಂದರೆ ನೂರು ಮೀಟರಿಗೆ ಐದು ಮೀಟರ್. ಕೊನೆಯ ಮನೆಗಳು ಹಿಂದೆ ಬಿದ್ದು ಪ್ಲಾನ್‌ಫ್ವಾ ಎಂಬ ಹಳ್ಳಿ ದಾಟಿದ ಮೇಲೆ ಫರ್ ಕಾಡು ಶುರುವಾಗುತ್ತದೆ. ಈ ಘಾಟಿಗೆ ‘ಗ್ರಾಂ ಬ್ವಾ’, ಅಂದರೆ ದೊಡ್ಡ ಕಾಡು, ಎಂಬ ಇನ್ನೊಂದು ಹೆಸರೂ ಇದೆ.

ಗೇರು ಇಲ್ಲಿ ಮಾಡುವ ಕೆಲಸವನ್ನು ಲೆಕ್ಕದಲ್ಲೇ ನೋಡಬಹುದು. ಸವಾರ, ಸೈಕಲ್, ಚೀಲ ಎಲ್ಲ ಸೇರಿ 90 ಕಿಲೋ ಎಂದಿಟ್ಟುಕೊಳ್ಳೋಣ. ಅದನ್ನು 640 ಮೀಟರ್ ಎತ್ತಲು ಸುಮಾರು 565 ಕಿಲೋಜೌಲ್ ಬೇಕು. ಗುರುತ್ವದ ವಿರುದ್ಧ ಸತತವಾಗಿ 100 ವ್ಯಾಟ್ ಕೊಡಬಲ್ಲ ಸಾಧಾರಣ ಸವಾರನಿಗೆ ಇದು ಒಂದೂವರೆ ಗಂಟೆಯ ಕೆಲಸ. ವೇಗ ಗಂಟೆಗೆ ಎಂಟು ಕಿಲೋಮೀಟರ್. ಮುಂದೆ 50 ಹಲ್ಲು, ಹಿಂದೆ 19 ಹಲ್ಲಿನ ಒಂಟಿ ಗೇರಿನಲ್ಲಿ ಈ ವೇಗಕ್ಕೆ ನಿಮಿಷಕ್ಕೆ 24 ಸುತ್ತು ಪೆಡಲು ತಿರುಗುತ್ತದೆ. ಪ್ರತಿ ತುಳಿತಕ್ಕೂ ಮೈಭಾರವೆಲ್ಲ ಹಾಕಿ ನಿಂತು ಒತ್ತಬೇಕು, ಮಂಡಿ ಹತ್ತು ನಿಮಿಷಕ್ಕೇ ದೂರು ಹೇಳುತ್ತದೆ. ಮುಂದೆ ಹಿಂದೆ ಸಮಾನ ಹಲ್ಲಿರುವ ಗೇರಿಗೆ ಬದಲಿಸಿದರೆ ಅದೇ ವೇಗಕ್ಕೆ ನಿಮಿಷಕ್ಕೆ 63 ಸುತ್ತು. ಆಗ ಕೂತೇ ತುಳಿಯಬಹುದು, ಪಕ್ಕದವರೊಡನೆ ಮಾತಾಡಬಹುದು, ಕಾಡನ್ನು ನೋಡಬಹುದು. ಬೆಟ್ಟ ಅಷ್ಟೇ ಎತ್ತರ, ಮನುಷ್ಯನ ಶಕ್ತಿಯೂ ಅಷ್ಟೇ. ವೆಲೊಸಿಯೊ ಮೂವತ್ತು ನಲವತ್ತು ವರ್ಷ ಬರೆದದ್ದೆಲ್ಲ ಈ ಎರಡು ಅಂಕಿಗಳ ನಡುವಿನ ಅಂತರದ ಬಗ್ಗೆ.

ರೇಸಿನ ಇತಿಹಾಸವೂ ಈ ರಸ್ತೆಯಲ್ಲಿದೆ. 1903ರ ಮೊದಲ ಟೂರ್‌ನ ಎರಡನೆಯ ಹಂತ, ಲಿಯೋನ್‌ನಿಂದ ಮಾರ್ಸೇಗೆ 374 ಕಿಲೋಮೀಟರ್, ಈ ಘಾಟಿ ದಾಟಿಯೇ ಹೋಯಿತು. ಮರುವರ್ಷ ಕತ್ತಲಲ್ಲಿ ಇಲ್ಲಿ ಗುಂಪುಗೂಡಿದ ಸ್ಥಳೀಯರು ತಮ್ಮೂರಿನ ಸವಾರ ಫೋರ್ ಅವರನ್ನು ಮುಂದೆ ಬಿಟ್ಟು, ಮೋರಿಸ್ ಗಾರಾನ್ ಮತ್ತಿತರ ಸವಾರರ ಮೇಲೆ ಹಲ್ಲೆ ಮಾಡಿದರು. ಗುಂಡು ಹಾರಿಸಿ ಗುಂಪನ್ನು ಚದುರಿಸಬೇಕಾಯಿತು. ಘಾಟಿಯ ನೆತ್ತಿಯಲ್ಲಿ ಇಂದು ಸವಾರರು ನಿಂತು ನೋಡುವುದು ವೆಲೊಸಿಯೊ ಅವರ ಸ್ಮಾರಕವನ್ನು. 1922ರಿಂದ, ಅವರು ಬದುಕಿದ್ದಾಗಲೇ ಆರಂಭವಾದ ‘ವೆಲೊಸಿಯೊ ದಿನ’ದಂದು ಹುಡುಗರಿಂದ ಹಿಡಿದು ಮುದುಕರವರೆಗೆ ಎಲ್ಲರೂ ಈ ಘಾಟಿ ಹತ್ತುತ್ತಾರೆ.

ಇಳಿಜಾರು

ಏರು ಮುಗಿದೊಡನೆ ಅಂಗಿ ತೊಡಬೇಕು. ಪ್ರತಿ ನೂರು ಮೀಟರ್ ಎತ್ತರಕ್ಕೆ ಉಷ್ಣತೆ ಸುಮಾರು 0.65 ಡಿಗ್ರಿ ಇಳಿಯುವುದರಿಂದ ಘಾಟಿಯ ಮೇಲೆ ಊರಿಗಿಂತ ನಾಲ್ಕು ಡಿಗ್ರಿ ಚಳಿ. ಮೈಯೆಲ್ಲ ಬೆವರು, ಮುಂದೆ ಗಂಟೆಗೆ 40–50 ಕಿಲೋಮೀಟರ್ ವೇಗದ ಗಾಳಿ. ಎದೆಗೂ ಅಂಗಿಗೂ ನಡುವೆ ಹಳೆಯ ಪತ್ರಿಕೆಯ ಹಾಳೆ ತುರುಕಿಕೊಳ್ಳುವುದು ಇಲ್ಲಿನ ಹಿರಿಯ ಸವಾರರ ಉಪಾಯ. ಮಳೆಯಂಗಿ ಮರೆತವರಿಗೆ ಇಂದಿಗೂ ಅದೇ ಗತಿ. ಇಳಿಜಾರಿನಲ್ಲಿ ಬ್ರೇಕನ್ನು ಸದಾ ಹಿಡಿದಿಟ್ಟರೆ ರಿಮ್ ಕಾದು ಟ್ಯೂಬಿಗೆ ಅಪಾಯ. ತಿರುವಿನ ಮುಂಚೆ ಗಟ್ಟಿಯಾಗಿ ಹಿಡಿದು, ತಿರುವಿನಲ್ಲಿ ಬಿಟ್ಟು, ಮುಂದಿನದಕ್ಕೆ ಮತ್ತೆ ಹಿಡಿಯುವುದು ಸರಿಯಾದ ಕ್ರಮ.

ಕಾಡು ತೆಳುವಾಗುತ್ತಿದ್ದಂತೆ ಗಾಳಿಯ ವಾಸನೆಯೂ ಬದಲಾಗುತ್ತದೆ. ಬೂರ್ ಅರ್ಜಾಂತಾಲ್ ದ್ಯೋಮ್ ಹೊಳೆಯ ದಂಡೆಯ ಸಣ್ಣ ಪೇಟೆ. ಅದರ ಚರ್ಚಿನ ಕೆತ್ತನೆಯ ಹೆಬ್ಬಾಗಿಲು ಹನ್ನೆರಡನೆಯ ಶತಮಾನದ್ದು. ಹೊಳೆ ಹಿಡಿದು ಇನ್ನೂ ಕೆಳಗೆ ಹೋದರೆ, ಮೊಂಗೊಲ್ಫಿಯೆ ಸಹೋದರರು 1783ರ ಜೂನ್ 4ರಂದು ಬಿಸಿಗಾಳಿಯ ಬಲೂನನ್ನು ಜನರೆದುರು ಹಾರಿಸಿದ ಅನೊನೆ ಪಟ್ಟಣ ಸಿಗುತ್ತದೆ. ನಮ್ಮ ದಾರಿ ಅತ್ತ ಹೋಗದೆ, ಸಣ್ಣ ದಿಬ್ಬಗಳನ್ನು ಹತ್ತಿಳಿಯುತ್ತ ಸೇಂತ್ ಜ್ಯುಲಿಯಾನ್ ಮೊಲಾನ್ ಮೊಲೆತ್ ಎಂಬ, ಹಿಂದೆ ರೇಷ್ಮೆ ಗಿರಣಿಗಳಿದ್ದ ಹಳ್ಳಿಯ ಮೂಲಕ ಪೂರ್ವಕ್ಕೆ ತಿರುಗುತ್ತದೆ.

ಊಟ, ನೀರು

ಬೆಟ್ಟ ಹತ್ತಲು ಬೇಕಾದ ಶಕ್ತಿಯನ್ನು ಮತ್ತೊಮ್ಮೆ ಲೆಕ್ಕ ಹಾಕೋಣ. ಸ್ನಾಯುಗಳು ಆಹಾರದ ಶಕ್ತಿಯಲ್ಲಿ ಕಾಲುಭಾಗದಷ್ಟನ್ನು ಮಾತ್ರ ಕೆಲಸಕ್ಕೆ ಹಚ್ಚುತ್ತವೆ, ಉಳಿದದ್ದು ಶಾಖ. 1800 ಮೀಟರಿನ ಏರಿಗೇ ಸುಮಾರು 1500 ಕ್ಯಾಲೊರಿ ಬೇಕು. ಗಾಳಿ, ಟೈರಿನ ಘರ್ಷಣೆಗಳ ಲೆಕ್ಕ ಬೇರೆ. ಮೈಯಲ್ಲಿ ಗ್ಲೈಕೊಜನ್ ರೂಪದಲ್ಲಿ ಇರುವ ದಾಸ್ತಾನು ಹೆಚ್ಚುಕಡಿಮೆ ಅಷ್ಟೇ. ತಿನ್ನದೆ ತುಳಿದರೆ ಎರಡನೆಯ ಘಾಟಿಯ ಅರ್ಧದಲ್ಲಿ ಕೈಕಾಲು ನಡುಗಿ, ಕಣ್ಣು ಕತ್ತಲಿಟ್ಟು ಕೂರಬೇಕಾಗುತ್ತದೆ. ಹಸಿವಾಗುವ ಮುಂಚೆ ತಿನ್ನಿ ಎಂಬ ಸೂತ್ರ ಬಂದದ್ದು ಹೀಗೆ.

ಸಸ್ಯಾಹಾರಿಗೆ ಈ ಸೀಮೆ ಕಷ್ಟವಲ್ಲ. ಬೇಕರಿಯ ಬಿಸಿ ಬ್ರೆಡ್ಡು, ತೋಟದ ಸೇಬು, ಮೇಕೆ ಹಾಲಿನ ‘ರಿಗೊತ್ ದ ಕೊಂಡ್ರಿಯೊ’ ಚೀಸ್. ಅಂಗೈಯಲ್ಲಿ ಹಿಡಿಸುವ ಪುಟ್ಟ ಬಿಲ್ಲೆಯಂಥ ಈ ಚೀಸಿಗೆ 2009ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ತುರಿದ ಆಲೂಗಡ್ಡೆಯನ್ನು ತವೆಯ ಮೇಲೆ ಗರಿಗರಿಯಾಗಿ ಬೇಯಿಸುವ ‘ರಾಪೆ’ ಸೇಂತ್ ಎತಿಯೆನ್ ಸೀಮೆಯ ಮನೆತಿಂಡಿ. ಒಂದೇ ಎಚ್ಚರ, ಗಡಿಯಾರದ್ದು. ಹಳ್ಳಿಯ ಅಂಗಡಿಗಳು ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಬಾಗಿಲು ಹಾಕಿದರೆ ಎರಡು ಗಂಟೆಯಾದರೂ ತೆರೆಯುವುದಿಲ್ಲ. ಹೋಟೆಲುಗಳಲ್ಲಿ ಊಟ ಸಿಗುವುದು ಆ ಎರಡು ಗಂಟೆಗಳಲ್ಲೇ. ಸೋಮವಾರ ಅನೇಕ ಕಡೆ ಇಡೀ ದಿನ ಬಂದ್. ಹೀಗಾಗಿ ಬ್ರೆಡ್ಡನ್ನು ಬೆಳಿಗ್ಗೆಯೇ ಕೊಂಡು ಹ್ಯಾಂಡಲ್ ಚೀಲದಲ್ಲಿಟ್ಟುಕೊಳ್ಳುವುದು ಜಾಣತನ. ನೀರಿಗೆ ಹಳ್ಳಿಯ ಚೌಕದ ಕಾರಂಜಿಗಳಿವೆ. ‘ಓ ಪೊತಾಬ್ಲ್’ ಎಂಬ ಫಲಕವಿದ್ದರೆ ಕುಡಿಯಬಹುದು, ಅದರಲ್ಲಿ ‘ನೋನ್’ ಸೇರಿದ್ದರೆ ಮುಖ ತೊಳೆಯಲು ಮಾತ್ರ. ಕಾರಂಜಿ ಕಾಣದ ಊರಿನಲ್ಲಿ ಸವಾರರು ಸ್ಮಶಾನದ ಗೇಟು ಹುಡುಕುತ್ತಾರೆ, ಸಮಾಧಿಯ ಹೂಗಿಡಗಳಿಗೆಂದು ಅಲ್ಲಿ ನಲ್ಲಿ ಇದ್ದೇ ಇರುತ್ತದೆ.

ಒಯೋನ್ ಮತ್ತು ಬೆಟ್ಟದ ನೆತ್ತಿ

ದಿನದ ಶ್ರೇಷ್ಠ ಭಾಗ ಮಧ್ಯಾಹ್ನದ್ದು. ಪೆಲುಸ್ಸಾನ್ ಸುಮಾರು 400 ಮೀಟರಿನಲ್ಲಿದೆ, ಒಯೋನ್ ಘಾಟಿ 1233ರಲ್ಲಿ. ಬೆಳಗಿನದಕ್ಕಿಂತ ಉದ್ದದ, ಕಡಿದಾದ ಏರು, ಅದೂ ದಣಿದ ಕಾಲಿಗೆ. ಆದರೆ ವಾಹನ ಸಂಚಾರ ವಿರಳ, ಬೀಚ್ ಮತ್ತು ಫರ್ ಮರಗಳ ನೆರಳು. ತಿರುವು ತಿರುವಿಗೂ ಕೆಳಗಿನ ಕಣಿವೆ ಅಗಲವಾಗುತ್ತ ಹೋಗುತ್ತದೆ: ಸೇಬಿನ ತೋಟ, ಕೋತ್ ರೋತಿ ಮತ್ತು ಕೊಂಡ್ರಿಯೊ ಎಂಬ ಪ್ರಸಿದ್ಧ ದ್ರಾಕ್ಷಾರಸಗಳ ಕಡಿದಾದ ದ್ರಾಕ್ಷಿತೋಟಗಳಿರುವ ಅಂಚು, ಅದರಾಚೆ ರೋನ್. ಆಕಾಶ ತಿಳಿಯಾಗಿದ್ದರೆ ಪೂರ್ವದ ಅಂಚಿಗೆ ಆಲ್ಪ್ಸ್ ಬೆಟ್ಟಸಾಲು, ಅದರಲ್ಲಿ ಮೋಂ ಬ್ಲಾಂ ಕೂಡ ಕಾಣುತ್ತದೆ. ಘಾಟಿಯ ಪಕ್ಕದ 1370 ಮೀಟರಿನ ಶಿಖರದ ಮೇಲೆ ಟಿ.ವಿ. ಪ್ರಸಾರದ ಗೋಪುರವಿದೆ. ಅದು ದೂರದಿಂದಲೇ ಕಾಣುವುದರಿಂದ ಹತ್ತುವವರಿಗೆ ಇನ್ನೆಷ್ಟು ಉಳಿದಿದೆ ಎಂದು ಸದಾ ತಿಳಿದಿರುತ್ತದೆ. ಅದು ಒಳ್ಳೆಯದೋ ಕೆಟ್ಟದ್ದೋ ಅವರವರ ಸ್ವಭಾವಕ್ಕೆ ಬಿಟ್ಟದ್ದು.

ಒಯೋನ್ ಘಾಟಿಯಿಂದ ರಸ್ತೆ ಇಳಿದುಬಿಡುವುದಿಲ್ಲ, ನೆತ್ತಿಯಲ್ಲೇ ಏರಿಳಿಯುತ್ತ ಪಶ್ಚಿಮಕ್ಕೆ ಸಾಗುತ್ತದೆ. ಹಿಂದೆ ಬೇಸಿಗೆಯಲ್ಲಿ ದನ ಮೇಯಿಸುವವರ ದೊಡ್ಡಿಯಾಗಿದ್ದ ಲಾ ಜಾಸ್ಸೆರಿ, ಜಿಯೆ ನದಿ ಹುಟ್ಟುವ ಜಾಗ, ಹುಲ್ಲುಗಾವಲು, ಹೆದರ್ ಪೊದೆ. ಮುಂದೆ 1201 ಮೀಟರಿನ ಕ್ರ್ವಾ ದ ಶೋಬುರೆ ಘಾಟಿ, ಅದರ ಕೆಳಗೆ ಚಳಿಗಾಲದಲ್ಲಿ ಜನ ಸ್ಕೀ ಮಾಡಲು ಬರುವ ಲ ಬೆಸ್ಸಾ ಹಳ್ಳಿ. ಅಲ್ಲಿಂದ ಊರಿಗೆ ಪೂರ್ತಿ ಇಳಿಜಾರು. ರೋಶ್‌ತಾಯೆ ಹಳ್ಳಿಯ ಬಳಿ ಫ್ಯುರಾನ್‌ಗೆ ಅಡ್ಡಲಾಗಿ 1866ರಲ್ಲಿ ಕಟ್ಟಿ ಮುಗಿಸಿದ ಗುಫ್ರ್ ದಾನ್‌ಫೆರ್ ಎಂಬ ಕಲ್ಲಿನ ಅಣೆಕಟ್ಟೆ ಇದೆ. ಅರವತ್ತು ಮೀಟರಿನ ಆ ಗೋಡೆಯನ್ನು ನೋಡಲು ಸೈಕಲ್ ನಿಲ್ಲಿಸಿ ಕೊಂಚ ನಡೆಯಬೇಕು, ನಡೆದದ್ದು ನಷ್ಟವಲ್ಲ.

ಸೈಕಲ್, ನಕ್ಷೆ, ರಸ್ತೆಯ ನಿಯಮ

ಇಂಥ ದಿನಕ್ಕೆಂದೇ ಫ್ರೆಂಚರು ರೂಪಿಸಿದ ಸೈಕಲ್ಲು ‘ರಾಂದೊನ್ಯೂಸ್’. ರೇಸಿಂಗ್ ಸೈಕಲ್ಲಿನಂತೆ ಹಗುರ, ಆದರೆ ಮಡ್‌ಗಾರ್ಡ್, ದೀಪ, ಮುಂದೆ ಚೀಲ, ಏರಿಗೆ ತಕ್ಕ ಸಣ್ಣ ಗೇರು, ಕಲ್ಲುರಸ್ತೆಗೂ ಒಗ್ಗುವ ದಪ್ಪ ಟೈರು ಎಲ್ಲ ಇರುತ್ತವೆ. ಪ್ಯಾರಿಸ್ ಬಳಿ ಅಲೆಕ್ಸ್ ಸಾಂಜೆ, ರೆನೆ ಎರ್ಸ್ ಅವರಂಥ ಕುಶಲಿಗಳು ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ ಕಟ್ಟಿದ ಇಂಥ ಸೈಕಲ್ಲುಗಳನ್ನು ಇಂದು ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ.

ಮಿಶೆಲಿನ್ ರಸ್ತೆನಕ್ಷೆಯಲ್ಲಿ ಏರಿನ ದಿಕ್ಕಿಗೆ ಮುಖ ಮಾಡಿದ ಸಣ್ಣ ಬಾಣಗಳಿರುತ್ತವೆ. ಒಂದಿದ್ದರೆ ಶೇ. 5ರಿಂದ 9ರ ಏರು, ಎರಡಿದ್ದರೆ 9ರಿಂದ 13, ಮೂರಿದ್ದರೆ ಇನ್ನೂ ಕಡಿದು. ಹಸಿರು ಅಂಚಿರುವ ರಸ್ತೆ ನೋಟ ಚೆನ್ನಾಗಿರುವ ರಸ್ತೆ. ಫೋನಿನ ನಕ್ಷೆ ಬಂದ ಮೇಲೂ ಮೇಜಿನ ಮೇಲೆ ಹರಡಿ ನಾಳೆಯ ದಿನವನ್ನು ಯೋಚಿಸಲು ಅದಕ್ಕೆ ಸಮನಾದದ್ದು ನನಗೆ ತಿಳಿದಂತೆ ಇಲ್ಲ.

ಕಾನೂನಿನ ಪ್ರಕಾರ ಸೈಕಲ್ಲನ್ನು ದಾಟುವ ವಾಹನ ಊರೊಳಗೆ ಒಂದು ಮೀಟರ್, ಊರಾಚೆ ಒಂದೂವರೆ ಮೀಟರ್ ಅಂತರ ಬಿಡಬೇಕು. ಈ ಅಂತರಕ್ಕಾಗಿ ರಸ್ತೆಯ ನಡುವಿನ ಅಖಂಡ ಬಿಳಿಗೆರೆ ತುಳಿಯಲೂ 2015ರಿಂದ ಅವಕಾಶವಿದೆ. ರಾತ್ರಿ, ಮಂಜು ಕವಿದಾಗ ಊರಾಚೆ ಸವಾರರು ಹೊಳೆಯುವ ಮೇಲಂಗಿ ತೊಡಬೇಕು. ಹೆಲ್ಮೆಟ್ ಕಡ್ಡಾಯವಿರುವುದು ಹನ್ನೆರಡರೊಳಗಿನ ಮಕ್ಕಳಿಗೆ ಮಾತ್ರ, ಇಳಿಜಾರು ಕಂಡವರು ಮಾತ್ರ ಕಾನೂನಿಗೆ ಕಾಯುವುದಿಲ್ಲ.

ಸಂಘಗಳು, ಮತ್ತು ಬೆಂಗಳೂರಿನ ನಂಟು

ಸೈಕಲ್ ಪ್ರವಾಸಿಗಳ ರಾಷ್ಟ್ರೀಯ ಒಕ್ಕೂಟ 1923ರಲ್ಲಿ ಹುಟ್ಟಿತು. 1972ರಲ್ಲಿ ಆರಂಭವಾದ ‘ನೂರು ಘಾಟಿಗಳ ಕ್ಲಬ್’ ಸೇರಲು ನೂರು ಬೇರೆ ಬೇರೆ ಘಾಟಿಗಳನ್ನು ಸೈಕಲ್ಲಿನಲ್ಲಿ ದಾಟಿರಬೇಕು, ಅವುಗಳಲ್ಲಿ ಐದಾದರೂ 2000 ಮೀಟರ್ ಮೀರಿರಬೇಕು. ಇಂದಿನ ದಾರಿಯ ಮೂರು ಘಾಟಿಗಳು ಆ ಪಟ್ಟಿಗೆ ಒಳ್ಳೆಯ ಆರಂಭ.

1904ರಲ್ಲಿ ಸ್ಥಾಪನೆಯಾದ ಓದಾಕ್ಸ್ ಕ್ಲಬ್ ಪರಿಸ್ಯಾನ್, 1921ರಿಂದ ‘ಬ್ರೆವೆ’ಗಳನ್ನು ನಡೆಸುತ್ತಿದೆ. ಗೊತ್ತಾದ ದೂರವನ್ನು ಗೊತ್ತಾದ ಅವಧಿಯೊಳಗೆ, ತಮ್ಮ ತಮ್ಮ ವೇಗದಲ್ಲಿ ಮುಗಿಸುವ ಕ್ರಮ ಅದು: 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 600ಕ್ಕೆ 40 ಗಂಟೆ. ಮೊದಲು ಬಂದವರಿಗೆ ಬಹುಮಾನವಿಲ್ಲ. ಬೆಂಗಳೂರು ಸೇರಿ ಕರ್ನಾಟಕದ ಊರುಗಳಲ್ಲಿ ಇಂದು ನಡೆಯುವ ಬ್ರೆವೆಗಳು ಇದೇ ಪ್ಯಾರಿಸ್ ಕ್ಲಬ್ಬಿನ ನಿಯಮದವು. ಒಂದೇ ವರ್ಷದಲ್ಲಿ 200, 300, 400, 600 ಮುಗಿಸಿದವರು ನಾಲ್ಕು ವರ್ಷಕ್ಕೊಮ್ಮೆ ನಡೆಯುವ 1200 ಕಿಲೋಮೀಟರಿನ, 90 ಗಂಟೆಯ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸವಾರಿಗೆ ಅರ್ಹರು. ಬೆಂಗಳೂರಿನ ಸವಾರರು ಅದನ್ನೂ ತುಳಿದು ಬಂದಿದ್ದಾರೆ.

ಹೋಗುವ ಕಾಲ

ಮೇ ಕೊನೆಯಿಂದ ಅಕ್ಟೋಬರ್ ಮೊದಲವರೆಗೆ ಪಿಲಾ ಸೈಕಲ್ಲಿಗೆ ಯೋಗ್ಯ. ಚಳಿಗಾಲದಲ್ಲಿ ‘ಬ್ಯುರ್ಲ್’ ಎಂಬ ಬಡಗಣ ಗಾಳಿ ಹಿಮವನ್ನು ಎತ್ತಿ ರಸ್ತೆಗೆ ರಾಶಿ ಹಾಕುತ್ತದೆ. ಲಿಯೋನ್‌ನಿಂದ ಸೇಂತ್ ಎತಿಯೆನ್‌ಗೆ ಪ್ರಾದೇಶಿಕ ರೈಲಿನಲ್ಲಿ ಒಂದು ಗಂಟೆಯೂ ಹಿಡಿಯುವುದಿಲ್ಲ, ಸೈಕಲ್ಲನ್ನು ಜೊತೆಗೇ ಒಯ್ಯಬಹುದು. ಇಡೀ ಸುತ್ತು ಹೆಚ್ಚೆನಿಸಿದರೆ ಬೆಳಗಿನ ಘಾಟಿಯನ್ನು ಮಾತ್ರ ಹತ್ತಿ, ಸ್ಮಾರಕದ ಬಳಿ ಬ್ರೆಡ್ಡು ತಿಂದು, ಬಂದ ದಾರಿಯಲ್ಲೇ ಇಳಿಯಬಹುದು. ಅದಕ್ಕೆ ಅರ್ಧ ದಿನ ಸಾಕು.